ಆರಂಕಿಯ ರುಚಿ: ಮೂರು ಊರುಗಳ ಪಿನ್‌ಕೋಡ್

ಲಿಂಗಸುಗೂರು 584122, ಮಸ್ಕಿ 584124, ಸಿಂಧನೂರು 584128. ಅಂಚೆಯವರಿಗೆ ಇವು ವಿಳಾಸ; 584 ಎಂದರೆ ರಾಯಚೂರು ಸೀಮೆ, ಮುಂದಿನ ಮೂರಂಕಿ ಆಯಾ ಊರಿನ ಅಂಚೆ ಕಚೇರಿ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದದ್ದು ಗುಣಾಕಾರ ಭಾಗಾಕಾರಕ್ಕಲ್ಲ, ನಿಜ. ಆದರೂ ಐದು ಲಕ್ಷದ ಎಂಬತ್ತನಾಲ್ಕು ಸಾವಿರ ದಾಟಿದ ಇವನ್ನು ಬರೀ ಸಂಖ್ಯೆಗಳೆಂದು ಒಡೆದು ನೋಡಿ. ಕ್ಯಾಲ್ಕುಲೇಟರ್ ಬೇಡ, ಉತ್ತರಕ್ಕಿಂತ ಅದರ ಕಾರಣದಲ್ಲೇ ರುಚಿ ಹೆಚ್ಚು.

ಮಸ್ಕಿ: ಅಂಕಿ ಕೂಡಿಸಿ

5+8+4+1+2+4 = 24. ಇದು ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. 584124 ಕೂಡ ಹಾಗೆಯೇ. ಹತ್ತು, ನೂರು, ಸಾವಿರ, ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಉಳಿಯುವುದು ಒಂದೇ. ಹಾಗಾಗಿ ಅಂಕಿ ಯಾವ ಸ್ಥಾನದಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ 24 ನಾಲ್ಕರಿಂದಲೂ ಭಾಗವಾಗುವುದರಿಂದ ಹನ್ನೆರಡನ್ನು ಹೊರಗೆಳೆಯಬಹುದು: 584124 = 12×48677. ಈ 48677 ಅವಿಭಾಜ್ಯ. ಅಷ್ಟು ಭತ್ತದ ಚೀಲಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಲು ಹೊರಟರೆ ಒಂದೇ ಉದ್ದನೆಯ ಸಾಲು ಬಿಟ್ಟು ಬೇರೆ ದಾರಿಯಿಲ್ಲ.

ಲಿಂಗಸುಗೂರು: ನಡುವೆ ಕತ್ತರಿಸಿ

584ರಲ್ಲಿ 122 ಕಳೆದರೆ 462. ಇದು ಏಳರಿಂದಲೂ ಹನ್ನೊಂದರಿಂದಲೂ ಭಾಗವಾಗುತ್ತದೆ. ಆದ್ದರಿಂದ ಇಡೀ ಸಂಖ್ಯೆಯೂ ಆಗುತ್ತದೆ. ಗುಟ್ಟು 1001ರಲ್ಲಿದೆ: ಅದು 7×11×13. ನಮ್ಮ ಸಂಖ್ಯೆ 584×1001ಕ್ಕಿಂತ ಸರಿಯಾಗಿ 462 ಕಡಿಮೆ. ಪೂರ್ತಿ ಒಡೆದರೆ 2×7×11×3793.

ಸಿಂಧನೂರು: ಅರ್ಧ ಮಾಡುತ್ತ ಹೋಗಿ

ಆರು ಸಲ ಅರ್ಧ ಮಾಡಬಹುದು, ಏಳನೆಯದಕ್ಕೆ ಆಗದು. 584ರಲ್ಲಿ ಮೂರು ಎರಡುಗಳಿವೆ, ಸಾವಿರದಲ್ಲಿ ಮೂರು; ಹೀಗೆ 584000 = 64×9125. ಬಾಲದ 128 ಎಂದರೆ 64×2. ಕೂಡಿಸಿದರೆ 64×9127. 9127 ಅವಿಭಾಜ್ಯವೇ ಎಂದು ನೋಡಲು 96ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಏಕೆಂದರೆ 96×96 ಆಗಲೇ 9216. ಯಾವುದೂ ಭಾಗಿಸುವುದಿಲ್ಲ.

ಹಳೆಯ ರಸಿಕ

ಈ ಚಟ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಎರಡೂ ಕಡೆಯಿಂದ ಒಂದೇ ತೆರನಾಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಹಾರಗಳಂತೆ ಪೋಣಿಸಿದ. 27994681×441 = 12345654321 ಅಂಥದ್ದೊಂದು. ಇದು 111111ರ ವರ್ಗ. 111111 ಎಂದರೆ 111×1001. ಲಿಂಗಸುಗೂರಿನ ಗುಟ್ಟೇ ಇಲ್ಲೂ ಕೂತಿದೆ.

ಎರಡು, ನಾಲ್ಕರ ಅಂತರದಲ್ಲಿರುವ ಮೂರು ಸಂಖ್ಯೆಗಳು. ಒಳಗಿನ ಕಟ್ಟು ಮಾತ್ರ ಒಂದರಂತೆ ಇನ್ನೊಂದಿಲ್ಲ. ಈಗ ನಿಮ್ಮ ಸರದಿ. ರಾಯಚೂರಿನ 584101 ತೆಗೆದುಕೊಳ್ಳಿ, 584ರಲ್ಲಿ 101 ಕಳೆಯಿರಿ, ಉಳಿದದ್ದಕ್ಕೆ ಏಳರ ಮಗ್ಗಿ ಹಚ್ಚಿ ನೋಡಿ. ಆಮೇಲೆ ನಿಮ್ಮ ಊರಿನದನ್ನು ಒಡೆಯಿರಿ.