ವರ್ಷಕ್ಕೊಮ್ಮೆ ಬರುವ ದುಡ್ಡಿನ ಆಟ

ಮಕ್ಕಳಿಗೆ ದುಡ್ಡಿನ ವ್ಯವಹಾರ ಕಲಿಸಲು ನಮ್ಮ ಮನೆಗಳಲ್ಲಿ ಮೊದಲು ಹೊರಬರುವುದು ‘ವ್ಯಾಪಾರ’ದ ಹಲಗೆ. ಒಂದು ಸುತ್ತು ಮುಗಿಸಿದಾಗಲೆಲ್ಲ ಬ್ಯಾಂಕು ದುಡ್ಡು ಕೊಡುತ್ತದೆ. ತಿಂಗಳ ಸಂಬಳದ ಮನೆಗೆ ಅದು ಒಪ್ಪುವ ಲೆಕ್ಕ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಮನೆಗೆ ದುಡ್ಡು ಬರುವುದು ಕೊನೆಕೊಯ್ಲಾದ ಮೇಲೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಹಾಗಾಗಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರು ಯಾವ ಆಟ ತರಿಸಲಿ ಎಂದು ಕೇಳಿದರೆ, ಮಕ್ಕಳ ಕೈಯಲ್ಲೇ ಒಂದು ಮಾಡಿಸಿ ಎನ್ನುತ್ತೇನೆ.

ರಟ್ಟಿನ ಮೇಲೆ ಹನ್ನೆರಡು ಮನೆ ಬರೆಯಿರಿ, ತಿಂಗಳಿಗೊಂದು. ಆಟ ಜೂನಿನಿಂದ ಶುರುವಾಗಲಿ. ಕೈಯಲ್ಲಿ ಕಾಸಿಲ್ಲ, ಮಳೆ ಬಾಗಿಲಲ್ಲಿದೆ. ಮೈಲುತುತ್ತ, ಸುಣ್ಣ ತರಬೇಕು, ಮರ ಏರಿ ಔಷಧಿ ಹೊಡೆಯುವ ಕೊನೆಗೌಡನಿಗೆ ಕೂಲಿ ಕೊಡಬೇಕು. ಸೊಸೈಟಿಯಲ್ಲಿ ಸಾಲ ಎತ್ತಿ ಹೊಡೆಸಿದರೆ ಬೆಳೆ ಉಳಿದೀತು. ಹೊಡೆಸದವರು ದಾಳ ಹಾಕಲಿ, ಒಂದೋ ಎರಡೋ ಬಿದ್ದರೆ ಅರ್ಧ ಫಸಲು ಕೊಳೆರೋಗಕ್ಕೆ ಹೋಯಿತು. ಬಡ್ಡಿ ಎಂದರೇನು, ಅದನ್ನು ಯಾಕೆ ಕೊಡುತ್ತೇವೆ ಎಂಬುದು ಹತ್ತು ವರ್ಷದ ಮಗುವಿಗೂ ಇಲ್ಲಿ ತಾನಾಗಿ ತಿಳಿಯುತ್ತದೆ.

ಕೊಯ್ಲಿಗೆ ಬಂದಾಗ ನನಗೆ ಅತಿ ಇಷ್ಟದ ಘಟ್ಟ. ರಾಶಿ ಮಾಡುವುದೋ, ಚಾಲಿ ಮಾಡುವುದೋ? ಹಸಿಯಡಿಕೆ ಸುಲಿದು ಬೇಯಿಸಿದರೆ ಕೂಲಿ, ಕಟ್ಟಿಗೆ ಖರ್ಚು ಕೂಡಲೇ ಬೀಳುತ್ತದೆ, ದುಡ್ಡೂ ಬೇಗ ಬರುತ್ತದೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿದರೆ ಇಟ್ಟುಕೊಂಡು ದರ ನೋಡಿ ಮಾರಬಹುದು, ಆದರೆ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ. ದರಕ್ಕೆ ದಾಳ ಬೇಡ. ಪತ್ರಿಕೆಯ ಪೇಟೆ ಧಾರಣೆಯನ್ನು ಮಕ್ಕಳೇ ಕತ್ತರಿಸಿಟ್ಟು, ಆ ಚೀಟಿಗಳನ್ನು ಕಲಸಿ ಎತ್ತಲಿ. ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ: ಒಂದೇ ತೋಟದ ಮಾಲಿಗೆ ಇಷ್ಟು ಬಗೆಯ ಬೆಲೆ ಯಾಕೆ ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ಉತ್ತರಕ್ಕೆ ಅಟ್ಟದ ಚೀಲವನ್ನೇ ಬಿಚ್ಚಿ ಆರಿಸಲು ಕೂರಿಸಿ.

ಬ್ಯಾಂಕಿನ ಜಾಗದಲ್ಲಿ ಸೊಸೈಟಿಯನ್ನು ಇಟ್ಟದ್ದಕ್ಕೆ ಕಾರಣವಿದೆ. ಬೆಳೆಗಾರರು ಸೇರಿ ತಮ್ಮ ಅಡಿಕೆಯನ್ನು ತಾವೇ ಮಾರಲು ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದು 1923ರಲ್ಲಿ. ನೂರು ವರ್ಷದ ಈ ಏರ್ಪಾಡನ್ನು ತಿಳಿಯದ ಮಗುವಿಗೆ ಊರಿನ ದುಡ್ಡು ಅರ್ಥವಾಗದು. ಸೊಸೈಟಿಯಾದ ಮಗು ಜಮಾ–ಖರ್ಚು ಬರೆಯಲಿ; ಮನೆಗೆ ಬಂದ ಮಾರಾಟದ ಪಟ್ಟಿಯನ್ನೂ ಅದರ ಮುಂದಿಡಿ. ತೂಕ, ದರ, ದಲಾಲಿ, ಹಮಾಲಿ ಎಲ್ಲ ಅಲ್ಲಿವೆ.

ಅಮೆರಿಕದ ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ಆಟವೇ ‘ಮೊನೊಪಲಿ’ಗೆ, ಅದರ ಮೂಲಕ ನಮ್ಮ ‘ವ್ಯಾಪಾರ’ಕ್ಕೂ ಮೂಲ. ಭೂಮಿ ಕೆಲವರ ಕೈ ಸೇರಿದರೆ ಬಾಡಿಗೆ ತೆರುವವರ ಗತಿ ಏನಾಗುತ್ತದೆಂದು ತೋರಿಸಲು ಆಕೆ ಅದನ್ನು ಮಾಡಿದ್ದಳು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಪೇಟೆಗೆ ತಂದ ಆಟದಲ್ಲಿ ಎದುರಾಳಿಯನ್ನು ದಿವಾಳಿ ಮಾಡುವ ಖುಷಿಯಷ್ಟೇ ಉಳಿಯಿತು. ಮ್ಯಾಗಿಯ ಪ್ರಶ್ನೆಯನ್ನು ನಮ್ಮ ಹಲಗೆಗೆ ಮರಳಿ ತರಬೇಕು. ಆಡುವವರಲ್ಲಿ ಒಬ್ಬರಿಗೆ ತೋಟ ಬೇಡ. ಆತ ಕೊನೆಗೌಡ, ಕೂಲಿಯೇ ಅವನ ಆದಾಯ. ಮರ ಏರಲಾಗದ ಮಳೆಯ ವಾರಗಳಲ್ಲಿ ಅವನೇನು ಮಾಡಬೇಕೆಂದು ಉಳಿದವರೂ ಕೂತು ಯೋಚಿಸಲಿ. ಮುಂದಿನ ಆಟದಲ್ಲಿ ಕೊನೆಗೌಡ ಯಾರೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಅಪ್ಪ ಅಮ್ಮನ ಚೀಟಿಯೂ ಅದರಲ್ಲಿರಲಿ.