ರ‍್ಯಾಪಿಗೆ ಎದುರು ಮೇಳ ಎಲ್ಲಿ?

ನಮ್ಮ ಕಡೆ ರ‍್ಯಾಪ್ ಹಾಡಿನ ಮಾತು ಬಂದರೆ ಹಿರಿಯರು ಎತ್ತುವ ತಕರಾರು ಮೂರು. ಮೊದಲನೆಯದು, "ಇದೇನ ಹಾಡೋ ತಮ್ಮಾ, ಜಗಳಾ ಆಡಿದಂಗ ಕೇಳ್ತೈತಿ." ಎರಡನೆಯದು, "ಬರೇ ತನ್ನ ಬಡಾಯಿ. ನಾ ಹಂಗ, ನಾ ಹಿಂಗ, ನನ್ನ ಮುಂದ ಯಾರೂ ಇಲ್ಲ." ಮೂರನೆಯದು, "ಹೆಣ್ಣಮಕ್ಕಳು ಕುಂತಲ್ಲಿ ಕೇಳೂ ಹಂಗಿಲ್ಲ." ಹುಡುಗರದು ಮೂರಕ್ಕೂ ಒಂದೇ ಉತ್ತರ: "ನಿಮಗ ತಿಳಿಯಂಗಿಲ್ಲ ಬಿಡ್ರಿ ಮುತ್ಯಾ." ಅಲ್ಲಿಗೆ ಮಾತು ಮುಗಿಯುತ್ತದೆ. ಇವರು ಎದ್ದು ಹೋಗುತ್ತಾರೆ, ಅವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ.

ಈ ತಕರಾರುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ನಾನು ಸಂಗೀತ ಕಲಿತವನಲ್ಲ. ಜತ್ತ ತಾಲೂಕಿನ ಕನ್ನಡ ಸಾಲಿಯಲ್ಲಿ ಓದಿ, ಜಾತ್ರೆಗಳಲ್ಲಿ ಗೀಗೀ ಪದ ಕೇಳಿ ಬೆಳೆದವನು. ಆ ಕಿವಿಯಿಂದ ಕೇಳಿದರೆ ಮೊದಲೆರಡು ತಕರಾರು ನಿಲ್ಲುವುದಿಲ್ಲ. ಮೂರನೆಯದು ನಿಲ್ಲುತ್ತದೆ. ಆದರೆ ಅದಕ್ಕೆ ಹಿರಿಯರು ಕೊಡುವ ಕಾರಣ ಬೇರೆ, ನನ್ನ ಕಾರಣ ಬೇರೆ.

ಮೊದಲು ಹಾಡು ಹೌದೋ ಅಲ್ಲವೋ ಎಂಬುದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಒಂದು ವಸತಿ ಕಟ್ಟಡದ ಕೋಣೆಯಲ್ಲಿ, ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್ ಎಂಬ ಹುಡುಗ ತನ್ನ ತಂಗಿಯ ಪಾರ್ಟಿಗೆ ರೆಕಾರ್ಡು ಹಚ್ಚಿದ. ಹಿಪ್‌ಹಾಪ್ ಹುಟ್ಟಿದ್ದು ಅಂದು ಎನ್ನುತ್ತಾರೆ. ಹಾಡಿನ ನಡುವೆ ಬರೇ ವಾದ್ಯ ಬಡಿಯುವ ಭಾಗ ಬಂದಾಗ ಜನ ಹೆಚ್ಚು ಕುಣಿಯುವುದನ್ನು ಅವನು ನೋಡಿದ್ದ. ಅದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುವುದರೊಳಗೆ ಇನ್ನೊಂದನ್ನು ಹಚ್ಚಿ, ಆ ಬಡಿತವನ್ನು ಉದ್ದ ಮಾಡಿದ. ಬಡಿತದ ಮೇಲೆ ಮಾತು ಬಂತು, ಮಾತಿಗೆ ಪ್ರಾಸ ಬಂತು. ನಮ್ಮಲ್ಲಿ ಇದೇ ಕೆಲಸವನ್ನು ಒಂದು ದಪ್ಪು, ಒಂದು ತುಂತುಣಿ ಮಾಡುತ್ತವೆ. ಗೀಗೀ ಮೇಳದ ಮುಂದಿನವನು ನಡುವೆ ರಾಗ ಬಿಟ್ಟು ಮಾತಿಗೆ ಇಳಿದು, ಅದೇ ಲಯದಲ್ಲಿ ಹತ್ತು ಸಾಲು ಒಗೆದು, ಮತ್ತೆ ಸೊಲ್ಲಿಗೆ ಬಂದು ಕೂಡುತ್ತಾನೆ. ಅದನ್ನು ಹಾಡು ಎಂದು ಒಪ್ಪಿದ ಕಿವಿ ಇದನ್ನು ಒಪ್ಪದಿರಲು ಕಾರಣವಿಲ್ಲ. 2018ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪರ್‌ಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂದಿದೆ. ಪ್ರಶಸ್ತಿ ತೋರಿಸಿ ವಾದ ಗೆಲ್ಲುವುದು ನನಗೆ ಬೇಡ. ನಮ್ಮ ದಪ್ಪಿನ ಸಾಕ್ಷಿಯೇ ಸಾಕು.

ಆದರೆ ಕನ್ನಡ ರ‍್ಯಾಪ್ ಬರೆಯುವ ಹುಡುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಸಾಲಿನ ಕೊನೆಯ ಪ್ರಾಸ ಬಹಳ ಸೋವಿ. ಬರ್ತೀನಿ, ನೋಡ್ತೀನಿ, ಹೊಡಿತೀನಿ; ಊರಲ್ಲಿ, ದಾರಿಲಿ, ಬಾಯಲ್ಲಿ. ಇಲ್ಲಿ ಪ್ರಾಸ ಹಾಕಿದ್ದು ವ್ಯಾಕರಣ, ಕವಿ ಅಲ್ಲ. ಹಳೆಯ ಲಾವಣಿಕಾರರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಸಾಲಿನ ಒಳಗೇ ಅಕ್ಷರಕ್ಕೆ ಅಕ್ಷರ ತಾಕಿಸುತ್ತಿದ್ದರು, ಶಬ್ದದ ಮೊದಲಿನಲ್ಲೇ ಪ್ರಾಸ ಹಿಡಿಯುತ್ತಿದ್ದರು. ಭೀಮಾ ತೀರದ ಹಲಸಂಗಿಯ ಗೆಳೆಯರು 1930ರ ದಶಕದಲ್ಲಿ ಲಾವಣಿಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದಾರೆ. ರ‍್ಯಾಪ್ ಬರೆಯುವವನು ಒಮ್ಮೆ ಅವನ್ನು ಗಟ್ಟಿಯಾಗಿ ಓದಿ ನೋಡಲಿ. ಬಡಿತ ಎಲ್ಲಿ ಬೀಳಬೇಕು ಅನ್ನುವುದು ನಾಲಗೆಗೆ ತಾನೇ ತಿಳಿಯುತ್ತದೆ.

ಎರಡನೆಯದು ಬಡಾಯಿ. ಇದನ್ನು ಬೈಯುವವರು ಹರದೇಶಿ ನಾಗೇಶಿಯನ್ನು ಮರೆತಿದ್ದಾರೆ. ಹರದೇಶಿ ಮೇಳ ಗಂಡು ಹೆಚ್ಚು ಎಂದು ಹಾಡುತ್ತದೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಎಂದು ಹಾಡುತ್ತದೆ. ಇತ್ತ ಮರಾಠಿಯಲ್ಲಿ ಅದೇ ಕಲಗಿ ತುರಾ; ತುರಾ ಶಿವನ ಕಡೆ, ಕಲಗಿ ಶಕ್ತಿಯ ಕಡೆ. ರಾತ್ರಿಯೆಲ್ಲ ಸವಾಲು ಜವಾಬು. ನಮ್ಮ ಗುರು ದೊಡ್ಡವ, ನಿಮ್ಮವ ಏನೂ ತಿಳಿಯದವ; ಈ ಪುರಾಣದ ಗಂಟು ಬಿಚ್ಚು, ಇಲ್ಲವಾದರೆ ದಪ್ಪು ಕೆಳಗಿಡು. ಬಡಾಯಿ ಇಲ್ಲದೆ ಆ ರಾತ್ರಿ ನಡೆಯುವುದಿಲ್ಲ. ಆದರೆ ಹರದೇಶಿ ಹಾಡಿದವನು ಮನೆಯಲ್ಲೂ ಹೆಂಡತಿಗೆ ಹಾಗೇ ಅನ್ನುತ್ತಾನೆ ಎಂದು ಯಾರೂ ತಿಳಿಯುತ್ತಿರಲಿಲ್ಲ. ಅಲ್ಲಿಯ 'ನಾನು' ಮೇಳದ 'ನಾನು'. ರ‍್ಯಾಪಿನಲ್ಲಿ ಬರುವ 'ನಾನು' ಕೂಡ ಹೆಚ್ಚಾಗಿ ಅಂಥದ್ದೇ. ಮೇಲಾಗಿ, ಈ 'ನಾನು' ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ಮುಂಬೈಯ ಡಿವೈನ್, ನೇಝಿ 2015ರಲ್ಲಿ ತಮ್ಮ ಗಲ್ಲಿಯ ಹೆಸರಿನಲ್ಲೇ ಹಾಡು ಕಟ್ಟಿದರು. 2019ರಲ್ಲಿ 'ಗಲ್ಲಿ ಬಾಯ್' ಸಿನಿಮಾ ಬಂದು ಧಾರಾವಿಯ ರ‍್ಯಾಪ್ ದೇಶಕ್ಕೆಲ್ಲ ತಿಳಿಯಿತು. ಯಾರೂ ಹೆಸರು ಕೇಳದ ಗಲ್ಲಿಯ ಹುಡುಗ 'ನಾನು ಇದ್ದೇನೆ' ಎಂದು ನಾಲ್ಕು ಸಲ ಹೇಳಿದರೆ ಅದನ್ನು ಸೊಕ್ಕು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಊರುಗಳಿಂದ ಮಳೆ ಇಲ್ಲದ ವರ್ಷ ಮುಂಬೈಗೆ ದುಡಿಯಲು ಹೋದವರೂ ಅಂಥ ಗಲ್ಲಿಗಳಲ್ಲೇ ಇದ್ದು ಬಂದವರು.

ಮೂರನೆಯ ತಕರಾರೇ ನಿಜವಾದದ್ದು. ಹೆಣ್ಣನ್ನು ಸಾಮಾನಿನ ಹಾಗೆ ಹಾಡುವ, ಕುಡಿತವೇ ಗಂಡಸುತನ ಎನ್ನುವ ರ‍್ಯಾಪ್ ಕನ್ನಡದಲ್ಲೂ ಇದೆ, ಹಿಂದಿ ಪಂಜಾಬಿಯಲ್ಲಿ ಇನ್ನೂ ಹೆಚ್ಚು ಇದೆ. ಅದು ಹೊಲಸು ಶಬ್ದದ ಪ್ರಶ್ನೆ ಎಂದು ಹಿರಿಯರು ತಿಳಿದಿದ್ದಾರೆ. ಹೊಲಸು ಶಬ್ದ ಗೀಗೀ ಪದದಲ್ಲೂ ಬರುತ್ತಿತ್ತು, ರಾತ್ರಿ ಏರಿದಂತೆ ಇನ್ನಷ್ಟು ಬರುತ್ತಿತ್ತು. ವ್ಯತ್ಯಾಸ ಎಲ್ಲಿದೆ ಅಂದರೆ, ಅಲ್ಲಿ ಬೈಸಿಕೊಂಡವಳು ಎದುರಿಗೇ ನಿಂತಿರುತ್ತಿದ್ದಳು. ಅವಳ ಕೈಯಲ್ಲೂ ದಪ್ಪು ಇತ್ತು. ಮುಂದಿನ ಪದ ಅವಳದು. ಹರದೇಶಿಯವನು ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂದರೆ, ನಾಗೇಶಿಯವಳು ಅವನನ್ನು ಹೆತ್ತವಳು ಯಾರು ಎಂಬಲ್ಲಿಂದ ಶುರು ಮಾಡುತ್ತಿದ್ದಳು. ನಗುವವರು ಎರಡೂ ಕಡೆ ನಗುತ್ತಿದ್ದರು. ಈ ಪದ್ಧತಿಯಲ್ಲಿ ಎಲ್ಲವೂ ಚಂದ ಇತ್ತು ಅನ್ನುವುದಿಲ್ಲ. ನಾಗೇಶಿ ಪದಗಳನ್ನೂ ಹೆಚ್ಚಾಗಿ ಬರೆದುಕೊಟ್ಟವರು ಗಂಡಸರು. ರಾತ್ರಿ ಹಾಡು ಕೇಳಿ ತಲೆದೂಗಿದ ಊರು ಹಾಡಿದವಳಿಗೆ ಹಗಲಿನಲ್ಲಿ ಅಷ್ಟು ಮರ್ಯಾದೆ ಕೊಡಲಿಲ್ಲ. ಆದರೂ ಜವಾಬಿನ ಸರದಿ ಅವಳಿಗೆ ಇತ್ತು. ಅದನ್ನು ಯಾರೂ ಕಸಿಯುವಂತಿರಲಿಲ್ಲ.

ರ‍್ಯಾಪಿಗೂ ಈ ಸಂಪ್ರದಾಯ ಹೊಸದಲ್ಲ. 1984ರಲ್ಲಿ ನ್ಯೂಯಾರ್ಕಿನ ಯುಟಿಎಫ್‌ಓ ಎಂಬ ಗಂಡುಹುಡುಗರ ತಂಡ, ತಮ್ಮನ್ನು ಲೆಕ್ಕಕ್ಕೆ ಇಡದ ರಾಕ್ಸಾನ್ ಎಂಬ ಹುಡುಗಿಯ ಮೇಲೆ ಹಾಡು ಕಟ್ಟಿತು. ಅದೇ ವರ್ಷ ಕ್ವೀನ್ಸ್‌ಬ್ರಿಜ್ ಎಂಬ ಬಡವರ ವಸತಿಯ 14 ವರ್ಷದ ಒಬ್ಬ ಹುಡುಗಿ, ನಾನೇ ರಾಕ್ಸಾನ್ ಎಂದು ಆ ಹೆಸರು ಇಟ್ಟುಕೊಂಡು ಎದ್ದು ನಿಂತಳು. ರಾಕ್ಸಾನ್ ಶಾಂಟೆ ಎಂದು ಅವಳನ್ನು ಜನ ಕರೆದರು. ಅವಳ ಜವಾಬು ಎಷ್ಟು ಖಾರ ಇತ್ತೆಂದರೆ, ಅದಕ್ಕೆ ಇನ್ನೊಬ್ಬರ ಜವಾಬು, ಅದಕ್ಕೆ ಮತ್ತೊಬ್ಬರದು, ಹೀಗೆ ಹತ್ತಾರು ರೆಕಾರ್ಡು ಬಂದವು. ಈ ಸಂಗತಿ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಇವಳು ನಾಗೇಶಿಯವಳು. ಬ್ರಾಂಕ್ಸಿಗೂ ಭೀಮಾ ತೀರಕ್ಕೂ ಯಾವ ದಾರಿಯೂ ಇರಲಿಲ್ಲ. ಆದರೆ ಮಾತಿನಿಂದ ಹೊಡೆದವನಿಗೆ ಮಾತಿನಿಂದಲೇ ಕೊಡಬೇಕು ಅನ್ನುವ ನ್ಯಾಯ ಎರಡೂ ಕಡೆ ಒಂದೇ.

ಇವತ್ತು ಫೋನಿನಲ್ಲಿ ಬರುವ ಹಾಡಿನಲ್ಲಿ ಆ ನ್ಯಾಯ ಕಾಣೆಯಾಗಿದೆ. ಹಾಡುವವನು ಒಬ್ಬನೇ. ವಿಡಿಯೊದಲ್ಲಿ ಹುಡುಗಿಯರು ಇದ್ದಾರೆ, ಅವರಿಗೆ ಕುಣಿತ ಇದೆ, ಬಾಯಿ ಇಲ್ಲ. ಹರದೇಶಿ ಉಳಿದಿದೆ, ನಾಗೇಶಿಯನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ನನ್ನ ತಕರಾರು ಇದು. ಶಬ್ದ ಹೊಲಸಾಗಿದ್ದಕ್ಕಲ್ಲ, ಎದುರು ಮೇಳ ಇಲ್ಲದ್ದಕ್ಕೆ ಆ ಹಾಡು ಕೆಟ್ಟ ಹಾಡು. ಜವಾಬು ಬರುತ್ತದೆ ಎಂಬ ಅಂಜಿಕೆ ಇದ್ದವನು ಸವಾಲನ್ನು ಚೊಕ್ಕ ಮಾಡುತ್ತಾನೆ. ಅಂಜಿಕೆ ಇಲ್ಲದವನ ಕಸುಬು ಸಡಿಲ ಬೀಳುತ್ತದೆ.

ಇದೇ ಅಳತೆಯನ್ನು ದೊಡ್ಡವರಿಗೂ ಹಚ್ಚಬೇಕು. 2023ರ ಏಪ್ರಿಲ್‌ನಲ್ಲಿ ನಮ್ಮ ಮಹಾರಾಷ್ಟ್ರದಲ್ಲೇ ರಾಜ್ ಮುಂಗಾಸೆ ಎಂಬ ಮರಾಠಿ ರ‍್ಯಾಪರ್ ಪಕ್ಷಾಂತರದ ರಾಜಕೀಯವನ್ನು ಚುಚ್ಚಿ ಹಾಡಿದ. ಆಡಳಿತ ಪಕ್ಷದವರ ದೂರಿನ ಮೇಲೆ ಅಂಬರನಾಥದಲ್ಲಿ ಅವನ ಮೇಲೆ ಪೊಲೀಸ್ ಕೇಸು ಬಿತ್ತು. ಅದೇ ದಿನಗಳಲ್ಲಿ ಮುಂಬೈಯ ಉಮೇಶ ಖಾಡೆ ಎಂಬ ಇನ್ನೊಬ್ಬ ರ‍್ಯಾಪರ್ ಮೇಲೂ ಕೇಸಾಯಿತು. ಇದು ಅಣ್ಣಾಭಾವು ಸಾಠೆಯವರ ನಾಡು. ಅವರ ವಾಟೇಗಾಂವ್ ನಮ್ಮ ಸಾಂಗಲಿ ಜಿಲ್ಲೆಯದೇ ಊರು. 1944ರಲ್ಲಿ ಅವರು, ಬಾರ್ಶಿಯ ಅಮರ ಶೇಖ ಮತ್ತು ಗವಾಣಕರ ಕೂಡಿ ಲಾಲ ಬಾವಟಾ ಕಲಾಪಥಕ ಕಟ್ಟಿ, ಗಿರಣಿ ಕೆಲಸಗಾರರ ನಡುವೆ ದಪ್ಪು ಹಿಡಿದು ಹಾಡಿದವರು. ಅಂಥ ನಾಡಿನಲ್ಲಿ ಹಾಡಿಗೆ ಜವಾಬು ಹಾಡಾಗಬೇಕಿತ್ತು. ಪೊಲೀಸರನ್ನು ಕರೆದವನು ದಪ್ಪು ಕೆಳಗಿಟ್ಟ ಹಾಗೇ ಲೆಕ್ಕ. ನಮ್ಮ ಜಾತ್ರೆಯ ಕಟ್ಟಳೆಯಲ್ಲಿ ಅದಕ್ಕೆ ಸೋಲು ಅನ್ನುತ್ತಾರೆ.

ಆದ್ದರಿಂದ ಹಿರಿಯರಿಗೆ ನಾನು ಹೇಳುವುದು: ರ‍್ಯಾಪ್ ಕೇಳಬೇಡಿ ಎಂದು ಹುಡುಗರಿಗೆ ಅನ್ನಬೇಡಿ, ಅನ್ನುವುದರಿಂದ ಯಾರೂ ಬಿಟ್ಟಿಲ್ಲ. ಈ ಹಾಡಿಗೆ ಜವಾಬು ಎಲ್ಲಿ ಐತಿ ಎಂದು ಕೇಳಿರಿ. ಹುಡುಗರಿಗೆ ಹೇಳುವುದು: ನೀವು ಕೇಳುವ ಹಾಡಿನಲ್ಲಿ ಬೈಸಿಕೊಂಡವರು ತಿರುಗಿ ಹಾಡಿದರೆ ಏನು ಹಾಡಬಹುದು, ಅದನ್ನು ಒಮ್ಮೆ ಬರೆದು ನೋಡಿರಿ. ಹುಡುಗಿಯರಿಗೆ ಹೇಳುವುದು ಬಹಳ ಇಲ್ಲ. ಕಟ್ಟೆ ನಿಮ್ಮದೂ ಹೌದು, ಕನ್ನಡ ನಿಮ್ಮದೂ ಹೌದು. ಅಜ್ಜಿಯರಲ್ಲಿ ನಾಗೇಶಿ ಪದ ನೆನಪಿದ್ದವರು ಇನ್ನೂ ಇದ್ದಾರೆ, ಹೋಗಿ ಕೇಳಿ ಬರೆದುಕೊಳ್ಳಿರಿ. ಬಡಿತ ಫೋನಿನದೇ ಇರಲಿ, ದಪ್ಪಿನದೇ ಇರಲಿ. ಸರದಿ ನಿಮ್ಮದು ಬಂದಿದೆ.