ಶೇಷ ಯಾರ ಪಾಲಿಗೆ? ಲಿನಕ್ಸ್ ಕರ್ನಲ್‌ನ ಕಾಲಗಣಿತ

ಲಿನಕ್ಸ್ ಕರ್ನಲ್ ಕಾಲವನ್ನು ಸೊನ್ನೆಯಿಂದ ಎಣಿಸುವುದಿಲ್ಲ. ಯಂತ್ರ ಬೂಟ್ ಆಗುವಾಗ ‘ಜಿಫೀಸ್’ ಎಂಬ ಟಿಕ್ ಎಣಿಕೆಗೆ ಅದು ಕೊಡುವ ಆರಂಭದ ಬೆಲೆ ಮೈನಸ್ ಐದು ನಿಮಿಷ. ಋಣ ಚಿಹ್ನೆಯೇ ಇಲ್ಲದ 32 ಬಿಟ್ ಸಂಖ್ಯೆಯಲ್ಲಿ ಇದನ್ನು ತುಂಬಿದಾಗ ಎಣಿಕೆ ಗರಿಷ್ಠ ಮಿತಿಗೆ ಐದೇ ನಿಮಿಷ ಈಚೆಗೆ ನಿಲ್ಲುತ್ತದೆ. ಐದು ನಿಮಿಷ ಕಳೆದದ್ದೇ ಮಿತಿ ಮೀರಿ ಸೊನ್ನೆಗೆ ಬರುತ್ತದೆ. ಇದು ಕಣ್ತಪ್ಪಲ್ಲ, ಬೇಕೆಂದೇ ಮಾಡಿದ್ದು. ಸೊನ್ನೆಯಿಂದ ಹೊರಟಿದ್ದರೆ, ಸೆಕೆಂಡಿಗೆ 100 ಟಿಕ್‌ಗಳಂತೆ 497 ದಿನಗಳಿಗೆ, 1000 ಟಿಕ್‌ಗಳಂತೆ 49.7 ದಿನಗಳಿಗೆ ಎಣಿಕೆ ತುಂಬುತ್ತಿತ್ತು. ಅಷ್ಟು ದಿನ ಪರೀಕ್ಷೆ ನಡೆಸುತ್ತ ಯಾವ ಡ್ರೈವರ್ ಬರೆದವರೂ ಕೂರುವುದಿಲ್ಲ. ವಿಂಡೋಸ್ 95 ಮತ್ತು 98ಕ್ಕೆ ಆದದ್ದು ಇದೇ: 49.7 ದಿನ ಸತತವಾಗಿ ಓಡಿದರೆ ಯಂತ್ರ ನಿಂತುಬಿಡಬಹುದೆಂಬುದು ಬೆಳಕಿಗೆ ಬರುವಷ್ಟರಲ್ಲಿ ಅವು ಲಕ್ಷಾಂತರ ಮೇಜುಗಳ ಮೇಲಿದ್ದವು.

ಪೂರ್ಣಾಂಕಗಳಲ್ಲಿ ಕಾಲವನ್ನು ಅಳೆಯುವವರಿಗೆ ಎರಡು ನಷ್ಟಗಳು ಕಟ್ಟಿಟ್ಟ ಬುತ್ತಿ. ಭಾಗಿಸಿದರೆ ಶೇಷ ಉಳಿಯುತ್ತದೆ, ಗುಣಿಸಿದರೆ ಜಾಗ ಸಾಲದಾಗುತ್ತದೆ. ಈ ನಷ್ಟವನ್ನು ಇಲ್ಲವಾಗಿಸಲು ಬರುವುದಿಲ್ಲ. ಅದು ಯಾರ ಪಾಲಿಗೆ, ಯಾವಾಗ ಬೀಳಬೇಕೆಂದು ಮಾತ್ರ ತೀರ್ಮಾನಿಸಬಹುದು. ಟೈಮರ್ ಕೋಡ್‌ನ ತಿದ್ದುಪಡಿಯ ಗುಣವನ್ನು ಅಳೆಯಬೇಕಾದದ್ದು ಈ ತೀರ್ಮಾನದ ಸ್ಪಷ್ಟತೆಯಿಂದ. ಐದು ನಿಮಿಷದ ಉಪಾಯ ಆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುತ್ತದೆ: ಬಳಸುವವನ ತಲೆಗೆ ಬರಬೇಕಿದ್ದ ಪೆಟ್ಟನ್ನು ಅದು ಬರೆದವನ ಮುಂದೆಯೇ, ಅದೇ ದಿನ, ಬೀಳುವಂತೆ ಮಾಡುತ್ತದೆ.

ಉರುಳುವ ಎಣಿಕೆಯನ್ನು ಹೋಲಿಸುವ ಬಗೆಯೂ ಅಷ್ಟೇ ಜಾಣತನದ್ದು. ‘ಈಗಿನ ಎಣಿಕೆ ಗಡುವಿಗಿಂತ ದೊಡ್ಡದೇ?’ ಎಂದು ನೇರವಾಗಿ ಕೇಳಿದರೆ, ಮಿತಿ ದಾಟಿದ ಕ್ಷಣದಲ್ಲಿ ಉತ್ತರ ತಲೆಕೆಳಗಾಗುತ್ತದೆ. ಕರ್ನಲ್‌ನ ‘ಟೈಮ್ ಆಫ್ಟರ್’ ಮ್ಯಾಕ್ರೋ ಮೊದಲು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ; ಬಂದ ವ್ಯತ್ಯಾಸವನ್ನು ಧನ-ಋಣ ಚಿಹ್ನೆಯುಳ್ಳ ಸಂಖ್ಯೆಯಾಗಿ ಓದಿ ಯಾವುದು ಮೊದಲು ಎಂದು ಹೇಳುತ್ತದೆ. ಎರಡು ಗಳಿಗೆಗಳ ಅಂತರ ಎಣಿಕೆಯ ಒಟ್ಟು ವ್ಯಾಪ್ತಿಯ ಅರ್ಧಕ್ಕಿಂತ ಕಡಿಮೆ ಇರುವವರೆಗೆ ಉತ್ತರ ಸರಿ. ಒಂದೇ ಸಾಲಿನ ಮದ್ದು. ಆದರೆ ಇದನ್ನು ಬಳಸಲೇಬೇಕೆಂಬ ಬಲವಂತ ಎಲ್ಲಿಯೂ ಇಲ್ಲ. ನೇರ ಹೋಲಿಕೆಯನ್ನು ಬರೆದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಶೇಷದ ವಿಚಾರ ಇನ್ನಷ್ಟು ಸೂಕ್ಷ್ಮ. ಹಳೆಯ ಪಿಸಿಗಳ ಟೈಮರ್ ಚಿಪ್ ಸೆಕೆಂಡಿಗೆ 11,93,182 ಬಾರಿ ಮಿಡಿಯುತ್ತದೆ. ಅದರಿಂದ ಸೆಕೆಂಡಿಗೆ 1000 ಟಿಕ್ ಬೇಕೆಂದರೆ 1193.182ರಿಂದ ಭಾಗಿಸಬೇಕು, ಚಿಪ್ ಒಪ್ಪುವುದು ಪೂರ್ಣಾಂಕವನ್ನಷ್ಟೇ, ಅಂದರೆ 1193. ಹೀಗಾಗಿ ಟಿಕ್ ಒಂದು ಮಿಲಿಸೆಕೆಂಡಿಗಿಂತ ತುಸು ಬೇಗ ಬರುತ್ತದೆ. ಅದನ್ನು ಮಿಲಿಸೆಕೆಂಡ್ ಎಂದೇ ಎಣಿಸಿದರೆ ಗಡಿಯಾರ ದಿನಕ್ಕೆ ಸುಮಾರು 13 ಸೆಕೆಂಡ್ ಮುಂದೆ ಓಡುತ್ತದೆ. ಕರ್ನಲ್ ಇಲ್ಲಿ ತನ್ನನ್ನು ತಾನು ವಂಚಿಸಿಕೊಳ್ಳಲಿಲ್ಲ: ಒಂದು ಟಿಕ್ ಎಂದರೆ 9,99,848 ನ್ಯಾನೋಸೆಕೆಂಡ್ ಎಂದೇ ಲೆಕ್ಕ ಬರೆಯಿತು.

ಇತ್ತೀಚಿನ ಕೋಡ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಗಡಿಯಾರದ ಮಿಡಿತಗಳನ್ನು ಅದು ಒಂದು ಸಂಖ್ಯೆಯಿಂದ ಗುಣಿಸಿ, ಕೆಲವು ಬಿಟ್‌ಗಳಷ್ಟು ಬಲಕ್ಕೆ ಸರಿಸಿ ನ್ಯಾನೋಸೆಕೆಂಡುಗಳನ್ನು ಪಡೆಯುತ್ತದೆ. ಸರಿಸುವಾಗ ಉದುರುವ ಚೂರುಗಳನ್ನು ಎಸೆಯದೆ ಮುಂದಿನ ಸುತ್ತಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಚಿಲ್ಲರೆ ಇಲ್ಲದಾಗ ಬಸ್ ಕಂಡಕ್ಟರ್ ಬಾಕಿಯನ್ನು ಟಿಕೆಟ್‌ನ ಹಿಂದೆ ಬರೆದುಕೊಡುವ ಹಾಗೆ, ಇಲ್ಲಿ ಶೇಷಕ್ಕೂ ಒಂದು ದಾಖಲೆ ಇರುತ್ತದೆ.

ದಾಖಲೆ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೌದಿ ಅರೇಬಿಯಾದ ದಹ್ರಾನ್ ಸಾಕ್ಷಿ. 1991ರ ಫೆಬ್ರುವರಿ 25ರಂದು ಅಲ್ಲಿನ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಇರಾಕ್‌ನ ಸ್ಕಡ್ ಒಂದನ್ನು ತಡೆಯದೆಹೋಗಿ 28 ಅಮೆರಿಕನ್ ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸುತ್ತಿತ್ತು. ಆದರೆ ಹತ್ತನೇ ಒಂದು ಎಂಬ ಭಿನ್ನರಾಶಿ ದ್ವಿಮಾನದಲ್ಲಿ ಮುಗಿಯುವುದೇ ಇಲ್ಲ. 24 ಬಿಟ್‌ಗೆ ಕತ್ತರಿಸಿದ್ದರಿಂದ ಉಳಿದ ಕಣದಷ್ಟು ತಪ್ಪು 100 ಗಂಟೆಗಳಲ್ಲಿ ಬೆಳೆದು ಸೆಕೆಂಡಿನ ಮೂರನೇ ಒಂದು ಭಾಗವಾಯಿತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರ್ ದಾಟಿರುತ್ತದೆ. ನಂತರದ ವಿಶ್ಲೇಷಣೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ನನ್ನ ವಾದಕ್ಕೆ ಹೆಚ್ಚು ಮುಖ್ಯ. ಕಾಲವನ್ನು ಪರಿವರ್ತಿಸುವ ಲೆಕ್ಕವನ್ನು ಕೋಡ್‌ನ ಕೆಲವೆಡೆ ಸುಧಾರಿಸಿದ್ದರು, ಕೆಲವೆಡೆ ಹಾಗೇ ಬಿಟ್ಟಿದ್ದರು. ಎರಡೂ ಕಡೆ ಒಂದೇ ತಪ್ಪು ಇದ್ದಿದ್ದರೆ ಕಳೆಯುವಾಗ ಅದು ವಜಾ ಆಗುತ್ತಿತ್ತು. ಅರೆಬರೆ ತಿದ್ದುಪಡಿ ತಪ್ಪಿಗಿಂತ ಕೆಟ್ಟದ್ದಾಯಿತು.

ಶೇಷವನ್ನು ಯಾವ ಕಡೆಗೆ ದೂಡಬೇಕು ಎಂಬುದಕ್ಕೆ ಕರ್ನಲ್‌ನಲ್ಲಿ ಖಚಿತ ನಿಯಮವಿದೆ: ನಿದ್ರಿಸುವ ಪ್ರೋಗ್ರಾಂ ತಡವಾಗಿ ಏಳಬಹುದು, ಕೇಳಿದ ಹೊತ್ತಿಗಿಂತ ಮುಂಚೆ ಏಳಕೂಡದು. ಆದ್ದರಿಂದ ಪರಿವರ್ತನೆ ಯಾವಾಗಲೂ ಮೇಲಕ್ಕೆ. ನ್ಯಾಯವೇನೋ ಸರಿ, ಆದರೆ ತೆರಿಗೆ ದುಬಾರಿ. ಟಿಕ್ ಆಧಾರಿತ ಕಾಲದಲ್ಲಿ, ಸೆಕೆಂಡಿಗೆ 100 ಟಿಕ್ ಇದ್ದಾಗ, ಒಂದು ಮಿಲಿಸೆಕೆಂಡ್ ಕೇಳಿದವನು 10ರಿಂದ 20 ಮಿಲಿಸೆಕೆಂಡ್ ಮಲಗುತ್ತಿದ್ದ; ಲೂಪ್‌ನಲ್ಲಿ ಮತ್ತೆ ಮತ್ತೆ ಮಲಗಿದರೆ ವಿಳಂಬ ಗುಡ್ಡೆಯಾಗುತ್ತಿತ್ತು. 2006ರ 2.6.16 ಆವೃತ್ತಿಯಲ್ಲಿ ಬಂದ ಹೈ ರೆಸಲ್ಯೂಷನ್ ಟೈಮರ್‌ಗಳು ನ್ಯಾನೋಸೆಕೆಂಡಿನಲ್ಲಿ ಎಣಿಸುವ ವ್ಯವಸ್ಥೆಯನ್ನು ತಂದು, ಮುಂದಿನ ಆವೃತ್ತಿಗಳಲ್ಲಿ ಈ ಹೊರೆಯನ್ನು ಇಳಿಸಿದವು.

ಇಷ್ಟು ಹೊಗಳಿದ ಮೇಲೆ ಆಕ್ಷೇಪಕ್ಕೆ ಬರೋಣ. ಮೊದಲನೆಯದು, 64 ಬಿಟ್ ಎಂಬ ನೆಮ್ಮದಿ. ನ್ಯಾನೋಸೆಕೆಂಡುಗಳನ್ನು 64 ಬಿಟ್‌ನಲ್ಲಿ ಇಟ್ಟರೆ 292 ವರ್ಷ ಚಿಂತೆಯಿಲ್ಲ ಎಂಬ ಮಾತು ಸಂಗ್ರಹಕ್ಕೆ ನಿಜ, ಲೆಕ್ಕದ ಮಧ್ಯದ ಹೆಜ್ಜೆಗೆ ಅಲ್ಲ. ಎಕ್ಸ್86 ಯಂತ್ರಗಳಲ್ಲಿ ಮಿಡಿತಗಳನ್ನು ನ್ಯಾನೋಸೆಕೆಂಡಿಗೆ ತಿರುಗಿಸುವ ಕೋಡ್ ಮೊದಲು ಗುಣಿಸಿ, ಆಮೇಲೆ 10 ಬಿಟ್ ಸರಿಸುತ್ತಿತ್ತು. ಗುಣಲಬ್ಧ ಉತ್ತರಕ್ಕಿಂತ 1024 ಪಟ್ಟು ದೊಡ್ಡದು; ಹಾಗಾಗಿ ಸುಮಾರು 208 ದಿನಗಳಿಗೇ 64 ಬಿಟ್ ತುಂಬಿ, ದೀರ್ಘಕಾಲ ಓಡುತ್ತಿದ್ದ ಸರ್ವರ್‌ಗಳ ಶೆಡ್ಯೂಲರ್ ಗಡಿಯಾರ ಹಿಂದಕ್ಕೆ ಜಿಗಿಯಿತು. ತಿದ್ದಿದ ಬಗೆ ಮಾತ್ರ ಮಾದರಿಯಾಗುವಂಥದ್ದು. ಹೆಚ್ಚು ಬಿಟ್ ಹುಡುಕಲಿಲ್ಲ. ಮಿಡಿತಗಳನ್ನು ಮೊದಲೇ 1024ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷಗಳನ್ನು ಬೇರೆಬೇರೆ ಗುಣಿಸಿ ಕೂಡಿದರು. ಉತ್ತರ ಹಿಡಿಸುವಷ್ಟು ಜಾಗವಿದ್ದರೆ ಮಧ್ಯದ ಹೆಜ್ಜೆಗೂ ಅಷ್ಟೇ ಸಾಕು ಎಂಬಂತಾಯಿತು, ನಿಖರತೆಯೂ ಉಳಿಯಿತು. ಆದರೆ ಜಿಫೀಸ್‌ಗೆ ಅನ್ವಯಿಸಿದ ವಿವೇಕವನ್ನು ಈ ಗಡಿಯಾರಕ್ಕೂ ಅನ್ವಯಿಸಿ, ಎಣಿಕೆಯನ್ನು ಮಿತಿಯ ಹತ್ತಿರದಿಂದಲೇ ಶುರುಮಾಡಿ ಪರೀಕ್ಷಿಸಿದ್ದರೆ, 208 ದಿನ ಕಾಯಬೇಕಿತ್ತೇ?

ಇದಕ್ಕೆ ಹೋಲಿಸಿದರೆ 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787ಕ್ಕೆ ಮೊದಲಿಗೆ ಕೊಟ್ಟ ಪರಿಹಾರ ಬರೀ ಪಥ್ಯ. 248 ದಿನ ಸತತವಾಗಿ ಚಾಲೂ ಇದ್ದರೆ ಜನರೇಟರ್ ನಿಯಂತ್ರಕಗಳು ಒಟ್ಟಿಗೆ ಕೈಕೊಡಬಹುದು, ಹಾಗಾಗಿ ಆಗಾಗ ಪವರ್ ಆಫ್ ಮಾಡಿ ಎಂದಿತು. ಸೆಕೆಂಡಿನ ನೂರನೇ ಒಂದು ಭಾಗದಂತೆ ಎಣಿಸಿದರೆ 31 ಬಿಟ್ ತುಂಬಲು ಸರಿಯಾಗಿ ಅಷ್ಟೇ ದಿನ ಹಿಡಿಯುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಜಿಫಿ, ಮಿಲಿಸೆಕೆಂಡ್, ನ್ಯಾನೋಸೆಕೆಂಡ್ ಮೂರೂ ಕರ್ನಲ್‌ನಲ್ಲಿ ಬರೀ ಪೂರ್ಣಾಂಕಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೂ ಯಂತ್ರ ಒಪ್ಪಿಕೊಳ್ಳುತ್ತದೆ. ನ್ಯಾನೋಸೆಕೆಂಡಿನ ‘ಕೆಟೈಮ್’ ಒಂದು ಕಾಲಕ್ಕೆ ‘ಯೂನಿಯನ್’ ಎಂಬ ಪ್ರತ್ಯೇಕ ಬಗೆಯದಾಗಿತ್ತು, ಸಾಮಾನ್ಯ ಸಂಖ್ಯೆಯೊಂದಿಗೆ ಬೆರೆಸಿದರೆ ಕಂಪೈಲರ್ ತಡೆಯುತ್ತಿತ್ತು. 2017ರ 4.10 ಆವೃತ್ತಿಯಲ್ಲಿ ಅದನ್ನು ಸಾದಾ 64 ಬಿಟ್ ಸಂಖ್ಯೆಯಾಗಿ ಸರಳಗೊಳಿಸಿದರು. ಕೋಡ್ ಚೊಕ್ಕಟವಾಯಿತು, ಕಾವಲು ಹೋಯಿತು. 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8:44:07 ದಾಟಿದಾಗ ತುಂಬಿಹೋಗುವ 32 ಬಿಟ್ ಸೆಕೆಂಡುಗಳ ವಿರುದ್ಧ ವರ್ಷಗಟ್ಟಲೆ ನಡೆದ ದುರಸ್ತಿ ಇದೇ ಪಾಠ ಹೇಳುತ್ತದೆ. 2020ರ 5.6 ಆವೃತ್ತಿಯ ಹೊತ್ತಿಗೆ ಕರ್ನಲ್‌ನೊಳಗಿನ ಕೆಲಸ ಬಹುಪಾಲು ಮುಗಿಯಿತು. ಅದು ಅಷ್ಟು ಎಳೆದದ್ದಕ್ಕೆ ಒಂದು ಮುಖ್ಯ ಕಾರಣ, ಯಾವ ಪೂರ್ಣಾಂಕ ಕಾಲ, ಯಾವುದು ಬರೀ ಸಂಖ್ಯೆ ಎಂದು ಮನುಷ್ಯರೇ ಸಾಲುಸಾಲಾಗಿ ಓದಿ ಗುರುತಿಸಬೇಕಾಗಿ ಬಂದದ್ದು.

ಕರ್ನಲ್‌ನ ಕಾಲಗಣಿತ ಜಾಣರ ಕೈಯಲ್ಲಿ ಅತ್ಯುತ್ತಮ ಕೆಲಸ; ಅದನ್ನು ಸುರಕ್ಷಿತ ಕೆಲಸ ಎನ್ನಲಾರೆ. ಬರೆಯುವವರ ನೆನಪನ್ನು ನೆಚ್ಚಿದ ಶಿಸ್ತು ಹೊಸಬರು ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಶುರುವಾಗಬೇಕು. ಮುಂದಿನ ದೊಡ್ಡ ತಿದ್ದುಪಡಿ ಯಾವುದೋ ಒಂದು ಗುಣಾಕಾರಕ್ಕೆ ಆಗುವ ಬದಲು, ತಪ್ಪು ಮಾನವನ್ನು ಬೆರೆಸಿದ ಸಾಲು ಕಂಪೈಲ್ ಆಗದಂತೆ ಮಾಡುವುದಾಗಿದ್ದರೆ, ಇಂಥ ತಿದ್ದುಪಡಿಗಳಲ್ಲಿ ಅರ್ಧದಷ್ಟರ ಅಗತ್ಯವೇ ಬೀಳದು.